ಸಾಕಿದ ಗೆಕೋ ಹಲ್ಲಿಯ ದಿನಚರಿ: ಅದರ ಸಂಜೆಯನ್ನು ನಮ್ಮ ಬಿಡುವಿನ ಹೊತ್ತಿಗೆ ಹೊಂದಿಸಬಹುದೇ?

ಅಂಗಡಿಬೀದಿ_ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪನ ಮಗ ಓದಲು ಜರ್ಮನಿಗೆ ಹೊರಟಾಗ, ತಾನು ಮರಿಯಿಂದ ಸಾಕಿದ್ದ ಲೆಪರ್ಡ್ ಗೆಕೋ ಹಲ್ಲಿಯನ್ನು ಗಾಜಿನ ಟ್ಯಾಂಕ್ ಸಮೇತ ನನಗೆ ಒಪ್ಪಿಸಿ ಹೋಗಿದ್ದಾನೆ. ಅದು ಚೆನ್ನಾಗಿ ತಿನ್ನುತ್ತಿದೆ, ಬಾಲ ದಪ್ಪವಾಗಿದೆ, ಕಣ್ಣು ಸ್ವಚ್ಛವಾಗಿದೆ. ಆದರೆ ಹಗಲೆಲ್ಲ ಗೂಡಿನೊಳಗೆ ಕಣ್ಣು ಮುಚ್ಚಿ ಬಿದ್ದಿರುವುದನ್ನು ಕಂಡು ನಮ್ಮ ಅತ್ತೆಯವರು ಇದಕ್ಕೇನೋ ಕಾಯಿಲೆಯಿದೆ ಎಂದು ಕೊರಗುತ್ತಿದ್ದಾರೆ.

ನನ್ನ ತೊಂದರೆ ಬೇರೆ. ಅಂಗಡಿ ಮುಚ್ಚಿ ನಾನು ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಸಂಜೆ ಏಳರ ಸುಮಾರಿಗೆ ಅದು ಗೂಡಿನಿಂದ ತಲೆ ಹೊರಹಾಕುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ಟ್ಯಾಂಕ್ ಇರುವುದು ನಡುಮನೆಯಲ್ಲಿ. ಅಲ್ಲಿ ಹನ್ನೊಂದರವರೆಗೂ ಟ್ಯೂಬ್‌ಲೈಟ್ ಮತ್ತು ಟಿವಿ ನಡೆಯುವುದರಿಂದ ಅದು ಮತ್ತೆ ಒಳಗೆ ಸರಿದು, ನಾವೆಲ್ಲ ಮಲಗಿದ ಮೇಲಷ್ಟೇ ಹೊರಬರುತ್ತದೆ. ಟೈಮರ್ ಹಾಕಿ ಅದರ ‘ಸಂಜೆ’ಯನ್ನು ಒಂಬತ್ತೂವರೆಗೆ ಬರುವಂತೆ ಮಾಡಿದರೆ ಅದಕ್ಕೆ ಹಿಂಸೆಯಾಗುತ್ತದೆಯೇ? ಟ್ಯಾಂಕಿಗೆ ಕಾವು ಕೊಡುವ ಹಾಸು, ಅಂದರೆ ಹೀಟ್ ಮ್ಯಾಟ್, ಹಗಲು ಉರಿಯಬೇಕೇ, ರಾತ್ರಿಯೇ? ಇದನ್ನು ಕೇಳಿದ ಇಬ್ಬರು ಎರಡು ತದ್ವಿರುದ್ಧ ಉತ್ತರ ಕೊಟ್ಟರು.

ಅಂತರಗಂಗೆ_ಕೋಲಾರ

ಇದು ರಾತ್ರಿ ಪ್ರಾಣಿ. ಹಗಲು ಮಲಗುವುದೇ ಅದರ ಧರ್ಮ. ಅತ್ತೆಯವರಿಗೆ ಧೈರ್ಯ ಹೇಳಿ.

ಕಲ್ಪತರು_ಪಶುವೈದ್ಯ

ಮೇಡಂ, ನೀವು ಕೊಟ್ಟ ವಿವರದಲ್ಲಿ ಕಾಯಿಲೆಯ ಲಕ್ಷಣ ಒಂದೂ ಇಲ್ಲ. ಲೆಪರ್ಡ್ ಗೆಕೋ ತನ್ನ ಕೊಬ್ಬನ್ನು ಬಾಲದಲ್ಲಿ ಕೂಡಿಡುತ್ತದೆ, ಹಾಗಾಗಿ ದಪ್ಪ ಬಾಲವೇ ಅದರ ಆರೋಗ್ಯದ ದೊಡ್ಡ ಗುರುತು. ಇನ್ನು ಕಣ್ಣು ಮುಚ್ಚುವ ವಿಷಯ: ನಮ್ಮ ಗೋಡೆ ಹಲ್ಲಿಗಳಿಗೆ ರೆಪ್ಪೆಯಿಲ್ಲ, ಅವು ಕಣ್ಣನ್ನು ನಾಲಿಗೆಯಿಂದ ನೆಕ್ಕಿ ಶುಚಿ ಮಾಡಿಕೊಳ್ಳುತ್ತವೆ. ಲೆಪರ್ಡ್ ಗೆಕೋ ಇರುವ ಕುಟುಂಬಕ್ಕೆ ಮಾತ್ರ ಆಡುವ ರೆಪ್ಪೆಗಳಿವೆ. ಗೋಡೆ ಹಲ್ಲಿಯನ್ನಷ್ಟೇ ನೋಡಿದ ಹಿರಿಯರಿಗೆ ಕಣ್ಣು ಮುಚ್ಚಿದ ಹಲ್ಲಿ ಸತ್ತಂತೆಯೋ ಸೊರಗಿದಂತೆಯೋ ಕಾಣುವುದು ಸಹಜ.

ಆದರೆ ಕೋಲಾರದ ಗೆಳೆಯರು ಹೇಳಿದಂತೆ ಇದನ್ನು ಬರೀ ರಾತ್ರಿ ಪ್ರಾಣಿ ಎಂದರೆ ಅರ್ಧ ಮಾತಾಗುತ್ತದೆ. ಇದರ ಚಟುವಟಿಕೆ ಏರುವುದು ಸೂರ್ಯ ಮುಳುಗಿದ ಮೇಲಿನ ಒಂದೆರಡು ಗಂಟೆಗಳಲ್ಲಿ. ಕೆಲವು ಹಲ್ಲಿಗಳು ನಸುಕಿಗೆ ಮುಂಚೆ ಇನ್ನೊಮ್ಮೆ ಓಡಾಡುತ್ತವೆ. ಸಂಜೆಗೆ ಒಗ್ಗಿದ ಪ್ರಾಣಿಗೆ ಮುಸ್ಸಂಜೆಯೇ ಸಿಗದಂತಾದರೆ ಅದು ಹಸಿದುಕೊಂಡೇ ಕಾಯುತ್ತದೆ. ನಿಮ್ಮ ಮನೆಯಲ್ಲಿ ಆಗುತ್ತಿರುವುದು ಅದೇ ಎಂದು ನನಗನಿಸುತ್ತದೆ.

ಅಂತರಗಂಗೆ_ಕೋಲಾರ

ಡಾಕ್ಟರೇ, ಒಪ್ಪಲಾರೆ. ನಮ್ಮ ಮನೆಯ ಹಲ್ಲಿಯ ಮುಂದೆ ರಾತ್ರಿ ಕಾಣುವ ಕ್ಯಾಮೆರಾ ಇಟ್ಟಿದ್ದೇನೆ. ಅದು ಮಧ್ಯರಾತ್ರಿ ಕಳೆದ ಮೇಲೆ ನೀರು ಕುಡಿಯುತ್ತದೆ, ಮೂಲೆಗೆ ಹೋಗಿ ಹಿಕ್ಕೆ ಹಾಕುತ್ತದೆ, ಕಲ್ಲು ಹತ್ತಿ ಇಳಿಯುತ್ತದೆ. ಏಳು ಗಂಟೆಗೆ ಅದರ ಸುಳಿವೇ ಇರುವುದಿಲ್ಲ. ಕಣ್ಣಾರೆ ಕಂಡದ್ದನ್ನು ಬಿಟ್ಟು ಪುಸ್ತಕದ ಹಣೆಪಟ್ಟಿಯನ್ನು ಹೇಗೆ ನಂಬಲಿ?

ಕಲ್ಪತರು_ಪಶುವೈದ್ಯ

ನೀವು ಕಂಡದ್ದು ಸುಳ್ಳಲ್ಲ. ಆ ಕೋಣೆಯಲ್ಲಿ ದೀಪ ಆರುವುದು ಎಷ್ಟು ಗಂಟೆಗೆ ಎಂದು ದಯವಿಟ್ಟು ತಿಳಿಸಿ.

ಅಂತರಗಂಗೆ_ಕೋಲಾರ

ಮಗಳು ಎಸ್‌ಎಸ್‌ಎಲ್‌ಸಿ. ಅವಳ ಓದು ಮುಗಿಯುವಾಗ ಹನ್ನೆರಡಾಗುತ್ತದೆ. ನಿಮ್ಮ ಪ್ರಶ್ನೆಯ ಗುರಿ ಅರ್ಥವಾಯಿತು. ಆದರೂ ಒಂದು ಮಾತು: ದೀಪ ಉರಿಯುತ್ತಿರುವಾಗಲೇ ಅದು ಹೊರಬಂದು ತಿಂದ ದಿನಗಳೂ ಇವೆ.

ಗೌರಿಬಿದನೂರು_ಉಪನ್ಯಾಸಕ

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ಈ ಪ್ರಶ್ನೆ ನನಗೆ ಬಹಳ ಇಷ್ಟವಾದದ್ದು. ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ಒಂದು, ಪ್ರಾಣಿಯ ಒಳಗಿರುವ ಜೈವಿಕ ಗಡಿಯಾರ. ಇನ್ನೊಂದು, ಆ ಕ್ಷಣದ ಬೆಳಕು ಅದನ್ನು ಹೊರಬರದಂತೆ ತಡೆಯುವುದು.

ಒಳಗಡಿಯಾರದ ಮಾತು ಹಳೆಯದು. 1729ರಲ್ಲಿ ಫ್ರಾನ್ಸಿನ ಡಿ ಮೈರಾನ್ ಎಂಬ ಖಗೋಳಶಾಸ್ತ್ರಜ್ಞ ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲಲ್ಲಿಟ್ಟು ನೋಡಿದಾಗ, ಬಿಸಿಲೇ ಇಲ್ಲದಿದ್ದರೂ ಅದರ ಎಲೆಗಳು ಹೊತ್ತಿಗೆ ಸರಿಯಾಗಿ ಬಿಚ್ಚಿ ಮುಚ್ಚುತ್ತಿದ್ದವು. ಜೀವಕೋಶದೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣಿನ ನೊಣಗಳಲ್ಲಿ ಬಿಡಿಸಿ ತೋರಿಸಿದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲೇ ಎಂ. ಕೆ. ಚಂದ್ರಶೇಖರನ್ ಅವರು ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿದ್ದಾಗ ಗುಹೆಯ ಬಾವಲಿಗಳ ಮೇಲೆ ಇದೇ ವಿಷಯವಾಗಿ ಕೆಲಸ ಮಾಡಿದರು. ಹಲ್ಲಿಯಲ್ಲೂ ಇಂಥ ಗಡಿಯಾರವಿದೆ. ಅದು 24 ಗಂಟೆಯ ಆಸುಪಾಸಿನಲ್ಲಿ ತಾನಾಗಿ ನಡೆಯುತ್ತದೆ. ಬೆಳಗು ಮತ್ತು ಸಂಜೆಯ ಬೆಳಕು ಅದನ್ನು ದಿನದಿನವೂ ತಿದ್ದಿ ನಿಲ್ಲಿಸುತ್ತದೆ. ಹಾಗಾದ್ದರಿಂದ ಟೈಮರ್ ಇಟ್ಟು ಸಂಜೆಯನ್ನು ಮುಂದೂಡಬಹುದು, ಅದರಲ್ಲಿ ಹಿಂಸೆಯಿಲ್ಲ. ಆದರೆ ಬೆಳಗನ್ನೂ ಅಷ್ಟೇ ಮುಂದೂಡಬೇಕು, ಮತ್ತು ಟೈಮರಿನ ದೀಪವೊಂದೇ ಅದರ ಸೂರ್ಯನಾಗಿರಬೇಕು. ಕಿಟಕಿಯ ಬಿಸಿಲು ಒಂದು ಹೊತ್ತು, ಟ್ಯೂಬ್‌ಲೈಟ್ ಇನ್ನೊಂದು ಹೊತ್ತು ಹೇಳಿದರೆ ಅದರ ಗಡಿಯಾರಕ್ಕೆ ಯಾವ ಹೊತ್ತೂ ನೆಲೆ ನಿಲ್ಲುವುದಿಲ್ಲ.

ಕೋಲಾರದವರ ಹಲ್ಲಿ ದೀಪದಲ್ಲೂ ಹೊರಬಂದದ್ದು ಹಸಿವಿನಿಂದ ಇರಬಹುದು. ಹಸಿವು ಬೆಳಕಿನ ತಡೆಯನ್ನು ಆಗಾಗ ಮೀರುತ್ತದೆ.

ಸಿರಾಗೇಟ್_ಅಪ್ಪ

ಹಾಗಾದರೆ ಪೂರ್ತಿ ತಿರುಗಿಸಿಬಿಡಬಾರದೇ? ನಮ್ಮ ತುಮಕೂರಿನ ಮನೆಯಲ್ಲಿ ಇಬ್ಬರು ಮಕ್ಕಳು ಸಾಯಂಕಾಲ ನಾಲ್ಕಕ್ಕೆ ಶಾಲೆಯಿಂದ ಬಂದು ಹಲ್ಲಿಯ ಮುಂದೆ ಕೂರುತ್ತಾರೆ. ರಾತ್ರಿ ದೀಪ, ಹಗಲು ಕತ್ತಲು ಎಂದು ಬದಲಿಸಿದರೆ ಮಕ್ಕಳು ಅದರ ಬೇಟೆಯನ್ನು ನೋಡಬಹುದು. ಮೃಗಾಲಯಗಳ ನಿಶಾಚರ ಪ್ರಾಣಿಗಳ ಮನೆಗಳಲ್ಲಿ ಹೀಗೆಯೇ ಮಾಡುತ್ತಾರೆ ಎಂದು ಓದಿದ್ದೇನೆ.

ಕೆಜಿಎಫ್_ರಾತ್ರಿಪಾಳಿ

ಅಣ್ಣಾ, ಬೇಡ. ನಾನು ವರ್ಷಗಟ್ಟಲೆ ರಾತ್ರಿ ಪಾಳಿ ದುಡಿದವನು. ಹಗಲಲ್ಲಿ ಪರದೆ ಎಳೆದು ಮಲಗಿದರೂ ಬೀದಿಯ ಸದ್ದು, ಬಿಸಿಲಿನ ಕಾವು, ಮನೆಯವರ ಊಟದ ಹೊತ್ತು, ಇವೆಲ್ಲ ಒಟ್ಟಾಗಿ ಈಗ ಹಗಲು ಎಂದು ದೇಹಕ್ಕೆ ಹೇಳುತ್ತಲೇ ಇರುತ್ತವೆ. ನನಗಾದರೋ ಸಂಬಳವಿತ್ತು. ಆ ಮೂಕ ಪ್ರಾಣಿಗೆ ಏನಿದೆ?

ಸಿರಾಗೇಟ್_ಅಪ್ಪ

ಹಿಂಸೆ ಕೊಡುವ ಉದ್ದೇಶ ನನಗಿಲ್ಲ. ಮೃಗಾಲಯದವರು ಮಾಡಿದರೆ ಸರಿ, ಮನೆಯಲ್ಲಿ ಮಾಡಿದರೆ ತಪ್ಪು ಎನ್ನುವುದಕ್ಕೆ ಕಾರಣ ಬೇಕು ಎನ್ನುತ್ತಿದ್ದೇನೆ ಅಷ್ಟೇ.

ಗೌರಿಬಿದನೂರು_ಉಪನ್ಯಾಸಕ

ನ್ಯಾಯವಾದ ಪ್ರಶ್ನೆ. ತತ್ತ್ವದ ಮಟ್ಟದಲ್ಲಿ ತಿರುಗಿಸುವುದು ತಪ್ಪಲ್ಲ, ನಿಶಾಚರ ಮನೆಗಳು ಅದಕ್ಕೆ ಸಾಕ್ಷಿ. ಅಲ್ಲಿ ಗೋಡೆಯೇ ಬೆಳಕನ್ನು ತಡೆಯುತ್ತದೆ; ಬೆಳಕು, ಕಾವು, ಗಾಳಿ ಮೂರನ್ನೂ ಯಂತ್ರ ನೋಡಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಬೆಳಕನ್ನು ತಿರುಗಿಸಬಹುದು, ಕಾವನ್ನು ತಿರುಗಿಸುವುದು ಕಷ್ಟ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ತುಮಕೂರಿನ ತಾರಸಿ ಮನೆಯ ಸೆಕೆಯೇ ಹಗಲೆಂದು ಸಾರುತ್ತಿರುವಾಗ ಟ್ಯಾಂಕಿನ ಕತ್ತಲು ಇರುಳೆಂದು ಹೇಳುತ್ತಿರುತ್ತದೆ. ಹಲ್ಲಿಯಂಥ ಪ್ರಾಣಿಗೆ ಕಾವಿನ ಏರಿಳಿತವೂ ಗಡಿಯಾರವನ್ನು ತಿದ್ದುವ ಸೂಚನೆಯೇ. ಎರಡೂ ಸೂಚನೆಗಳು ಎದುರುಬದುರಾದರೆ ಪ್ರಾಣಿ ಎರಡು ಹೊತ್ತಿನಲ್ಲೂ ಅರೆಬರೆ ಓಡಾಡುವ ಸ್ಥಿತಿಗೆ ಬರಬಹುದು. ಎರಡು ಮೂರು ಗಂಟೆ ಸರಿಸುವುದರಲ್ಲಿ ಈ ಜಗಳ ಬಾರದು, ಏಕೆಂದರೆ ಸಂಜೆ ಒಂಬತ್ತಕ್ಕೂ ಮನೆ ತಂಪಾಗುತ್ತಲೇ ಇರುತ್ತದೆ.

ಮಧುಗಿರಿ_ಬಂಡೆ

ಕಾವಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಹಲ್ಲಿ ಸಾಕಿಲ್ಲ, ಬಂಡೆಗಳ ನಡುವೆ ಅವನ್ನು ನೋಡುತ್ತಾ ಬೆಳೆದವನು. ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಲ್ಲಿ ಬೇಸಿಗೆಯ ಸಂಜೆ ಬಂಡೆಯ ಮೇಲೆ ಅಂಗೈ ಇಟ್ಟು ನೋಡಿ; ಸೂರ್ಯ ಮುಳುಗಿ ಗಂಟೆಗಳಾದರೂ ಕಲ್ಲು ಬೆಚ್ಚಗಿರುತ್ತದೆ. ದೊಡ್ಡ ಬಂಡೆ ಹಲ್ಲಿಗಳು ಸಂದಿಯಿಂದ ಹೊರಬರುವುದು ಕತ್ತಲಾದ ಮೇಲೆಯೇ. ಅದೇ ಬಂಡೆಗಳ ನೆರಳಿನಲ್ಲಿ ಹಗಲಿಡೀ ಓಡಾಡುವ ಪುಟ್ಟ ಹಲ್ಲಿಗಳೂ ನಮ್ಮ ಸೀಮೆಯಲ್ಲಿವೆ. ನೆಮಾಸ್ಪಿಸ್ ಎಂಬ ಗುಂಪಿನವು. ಅವುಗಳ ಕಣ್ಣಿನ ಪಾಪೆ ದುಂಡಗಿರುತ್ತದೆ, ಇರುಳಿನ ಹಲ್ಲಿಗಳದು ಉದ್ದ ಸೀಳಿನಂತಿರುತ್ತದೆ. 1853ರಷ್ಟು ಹಿಂದೆಯೇ ಜೆರ್ಡನ್ ಎಂಬ ಇಂಗ್ಲಿಷ್ ವೈದ್ಯ ಈ ಗುಂಪಿನ ಒಂದು ಹಲ್ಲಿಗೆ ಮೈಸೂರಿನ ಹೆಸರಿಟ್ಟ. ಆದ್ದರಿಂದ ಎಲ್ಲ ಗೆಕೋಗಳೂ ರಾತ್ರಿಯವು ಎಂದುಕೊಳ್ಳಬೇಡಿ. ಮಡಗಾಸ್ಕರಿನ ಹಸಿರು ಫೆಲ್ಸುಮಾ ಹಲ್ಲಿಗಳಂತೂ ಹಗಲಿನವೇ, ಅವುಗಳ ಪಾಪೆಯೂ ದುಂಡನೆಯದು.

ಇನ್ನೊಂದು ಬೇಡಿಕೆ: ಬೆಟ್ಟದ ಹಲ್ಲಿಗಳನ್ನು ಯಾರೂ ಹಿಡಿದು ತರಬೇಡಿ. ಲೆಪರ್ಡ್ ಗೆಕೋ ಸಾಕುವವರೂ ಅದರ ಮೂಲನೆಲೆ ಅಫ್ಘಾನಿಸ್ತಾನ, ಪಾಕಿಸ್ತಾನದ ಜೊತೆಗೆ ಭಾರತದ ವಾಯವ್ಯ ಭಾಗವನ್ನೂ ಮುಟ್ಟುತ್ತದೆ ಎಂಬುದನ್ನು ನೆನಪಿಟ್ಟು, ಕಾಗದಪತ್ರದ ವಿಷಯವನ್ನು ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಅಂಗಡಿಬೀದಿ_ಚಿಕ್ಕಬಳ್ಳಾಪುರ

ಕಾಗದಪತ್ರದ ಸಲಹೆಗೆ ಕೃತಜ್ಞತೆ, ತಮ್ಮನಿಗೆ ಇವತ್ತೇ ಕೇಳುತ್ತೇನೆ. ಹೀಟ್ ಮ್ಯಾಟಿನ ಪ್ರಶ್ನೆ ಉಳಿದಿದೆ. ಇದು ರಾತ್ರಿ ಎದ್ದಿರುವ ಪ್ರಾಣಿ, ಆದ್ದರಿಂದ ರಾತ್ರಿಯೇ ಕಾವು ಬೇಕು ಎಂದು ಒಬ್ಬರು ವಾದಿಸುತ್ತಾರೆ. ಕೇಳಲು ಅದು ಸರಿಯೆನಿಸುತ್ತದೆ.

ಕಲ್ಪತರು_ಪಶುವೈದ್ಯ

ಕೇಳಲು ಸರಿ, ನಡೆಯಲ್ಲಿ ತಿರುಗುಮುರುಗು. ಮಧುಗಿರಿಯವರ ಬಂಡೆಯೇ ಇದಕ್ಕೆ ಉತ್ತರ. ಕಾಡಿನಲ್ಲಿ ಈ ಹಲ್ಲಿ ಹಗಲು ಕಾದ ಕಲ್ಲಿನಡಿ ಹೊಟ್ಟೆಯೂರಿ ಮಲಗಿರುತ್ತದೆ. ಹಿಂದಿನ ರಾತ್ರಿ ತಿಂದದ್ದು ಅರಗುವುದು ಆ ಕಾವಿನಲ್ಲಿ. ರಾತ್ರಿ ಅದು ಓಡಾಡುವುದು ತಂಪಾಗುತ್ತಿರುವ ನೆಲದ ಮೇಲೆ. ಆದ್ದರಿಂದ ಬೆಚ್ಚಗಿನ ಗೂಡಿನ ನೆಲದ ಕಾವು ಹಗಲಲ್ಲಿ 32ರಿಂದ 34 ಡಿಗ್ರಿ ಸೆಲ್ಸಿಯಸ್ ಇರಲಿ, ಇನ್ನೊಂದು ತುದಿ 25ರ ಆಸುಪಾಸಿನಲ್ಲಿರಲಿ. ರಾತ್ರಿ ಇಳಿಯಲು ಬಿಡಿ. 20ರವರೆಗೆ ಇಳಿದರೆ ಆರೋಗ್ಯವಂತ ಹಲ್ಲಿಗೆ ಬಾಧಕವಿಲ್ಲ. ಊಟವಾದ ಮೇಲೆ ಬೆಚ್ಚಗಿನ ಗೂಡು ಸಿಗದೆ ಹೋದರೆ ಮಾತ್ರ ತಿಂದದ್ದು ಅರಗದೆ ವಾಂತಿಯಾಗಬಹುದು. ಕಾವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಹೀಟ್ ಮ್ಯಾಟ್ ಹಾಕಲೇಬೇಡಿ, ಹೊಟ್ಟೆ ಸುಟ್ಟುಕೊಂಡ ಹಲ್ಲಿಗಳಿಗೆ ನಾನೇ ಔಷಧಿ ಹಚ್ಚಿದ್ದೇನೆ.

ಅಂತರಗಂಗೆ_ಕೋಲಾರ

ರಾತ್ರಿ ನೋಡಲು ಕೆಂಪು ಬಲ್ಬ್ ಹಾಕಿದರಾಯಿತಲ್ಲ? ಹಲ್ಲಿಗೆ ಕೆಂಪು ಕಾಣುವುದಿಲ್ಲ ಎಂದು ಹೇಳಿಯೇ ಅದನ್ನು ಮಾರುತ್ತಾರೆ.

ಗೌರಿಬಿದನೂರು_ಉಪನ್ಯಾಸಕ

ಮಾರುವವರ ಮಾತನ್ನು ಅಳೆದು ನೋಡಬೇಕು. ಗೆಕೋಗಳ ಕಣ್ಣಿನ ಕಥೆ ಬಹಳ ಸೊಗಸಾದದ್ದು. ಅವುಗಳ ಪೂರ್ವಜರು ಹಗಲಿನಲ್ಲಿ ಬದುಕುತ್ತಿದ್ದಾಗ, ಮಂದ ಬೆಳಕಿಗೆ ಬೇಕಾದ ಕಣ್ಣಿನ ಕೋಶಗಳನ್ನು ಕಳೆದುಕೊಂಡವು. ಮುಂದೆ ಇರುಳಿಗೆ ಮರಳಿದಾಗ, ಬಣ್ಣ ಗುರುತಿಸುವ ಕೋಶಗಳೇ ದೊಡ್ಡದಾಗಿ ಬೆಳೆದು ಕತ್ತಲಲ್ಲಿ ನೋಡುವ ಕೆಲಸವನ್ನೂ ವಹಿಸಿಕೊಂಡವು. ಹಾಗಾಗಿ ನಮಗೆ ಎಲ್ಲವೂ ಬೂದಿಯಾಗಿ ಕಾಣುವ ಕತ್ತಲಲ್ಲೂ ಅವು ಬಣ್ಣ ತಿಳಿಯುತ್ತವೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಲೀನಾ ರಾತ್ ಮತ್ತು ಆಲ್ಮುಟ್ ಕೆಲ್ಬರ್ 2004ರಲ್ಲಿ ಹೆಲ್ಮೆಟ್ ಗೆಕೋ ಎಂಬ ಆಫ್ರಿಕಾದ ಹಲ್ಲಿಯ ಮೇಲೆ ಪ್ರಯೋಗ ಮಾಡಿ, ಮಸುಕು ಬೆಳದಿಂಗಳಿನಷ್ಟು ಬೆಳಕಿನಲ್ಲೂ ಅದು ನೀಲಿಯನ್ನು ಬೂದುಬಣ್ಣದಿಂದ ಬೇರೆಯಾಗಿ ಗುರುತಿಸುತ್ತದೆ ಎಂದು ತೋರಿಸಿದರು. ಅದರ ಕಣ್ಣು ನಮ್ಮ ಬಣ್ಣದ ನೋಟಕ್ಕಿಂತ 350 ಪಟ್ಟು ಸೂಕ್ಷ್ಮವೆಂದು ಅವರು ಲೆಕ್ಕ ಹಾಕಿದರು. ಇಂಥ ಕಣ್ಣಿನ ಮುಂದೆ ರಾತ್ರಿಯಿಡೀ ಬಲ್ಬ್ ಉರಿಸಿ, ಇದು ಅದಕ್ಕೆ ಕತ್ತಲು ಎಂದು ನಂಬುವುದು ಸರಿಯಲ್ಲ. ಕಾವು ಬೇಕಾದರೆ ಬೆಳಕು ಸೂಸದ ಸೆರಾಮಿಕ್ ಹೀಟರ್ ಸಿಗುತ್ತದೆ. ನೋಡುವ ಆಸೆಗೆ, ಕೋಣೆಯ ದೀಪ ಆರಿಸಿ ಪಕ್ಕದ ಕೋಣೆಯ ಬೆಳಕು ಬಾಗಿಲಿನಿಂದ ತುಸು ಬರುವಂತೆ ಬಿಟ್ಟು ಕುಳಿತುಕೊಳ್ಳಿ. ಹತ್ತು ನಿಮಿಷದಲ್ಲಿ ನಿಮ್ಮ ಕಣ್ಣೇ ಹೊಂದಿಕೊಳ್ಳುತ್ತದೆ.

ಸಿರಾಗೇಟ್_ಅಪ್ಪ

ಗೋಡೆ ಹಲ್ಲಿ ಟ್ಯೂಬ್‌ಲೈಟಿನ ಕೆಳಗೇ ಬೇಟೆಯಾಡುತ್ತದಲ್ಲ ಸರ್, ಅದರ ಕಣ್ಣು ಕುಕ್ಕುವುದಿಲ್ಲವೇ?

ಹಿಪ್ಪುನೇರಳೆ_ಶಿಡ್ಲಘಟ್ಟ

ಇದಕ್ಕೆ ನಾನು ಉತ್ತರಿಸುತ್ತೇನೆ, ರೇಷ್ಮೆ ಹುಳು ಸಾಕುವ ಮನೆಯಲ್ಲಿ ದಿನವೂ ಇವುಗಳ ಕಾಟ ಅನುಭವಿಸುವವನು. ಗೋಡೆ ಹಲ್ಲಿ ದೀಪಕ್ಕಾಗಿ ಬರುವುದಿಲ್ಲ, ದೀಪಕ್ಕೆ ಮುತ್ತುವ ಹುಳಕ್ಕಾಗಿ ಬರುತ್ತದೆ. ಗಮನಿಸಿ ನೋಡಿ, ಅದು ದೀಪದ ಪಟ್ಟಿಯ ಹಿಂದಿನ ನೆರಳಿನಲ್ಲೋ ಚೌಕಟ್ಟಿನ ಸಂದಿಯಲ್ಲೋ ಕಾದು ಕುಳಿತು, ಹಾರಿ ಬಂದದ್ದನ್ನು ಹಿಡಿದು ಮತ್ತೆ ನೆರಳಿಗೆ ಸರಿಯುತ್ತದೆ. ಬೇಡವೆನಿಸಿದಾಗ ಸರಿಯಲು ಅದಕ್ಕೆ ಇಡೀ ಗೋಡೆಯಿದೆ. ಗಾಜಿನ ಪೆಟ್ಟಿಗೆಯಲ್ಲಿರುವ ಹಲ್ಲಿಗೆ ಎಲ್ಲಿಗೆ ಸರಿಯುವ ಅವಕಾಶವಿದೆ?

ನಮಗಂತೂ ಇಲಿ, ಇರುವೆಗಳ ಸಾಲಿನಲ್ಲಿ ಹಲ್ಲಿಯೂ ಶತ್ರುವೇ. ತಟ್ಟೆಯಲ್ಲಿನ ಹುಳು ಹೊತ್ತೊಯ್ಯುವುದು ಹೆಚ್ಚಾಗಿ ರಾತ್ರಿಯ ಸೊಪ್ಪು ಹಾಕಿ ದೀಪ ಆರಿಸಿದ ಮೇಲೆ.

ಅಂಗಡಿಬೀದಿ_ಚಿಕ್ಕಬಳ್ಳಾಪುರ

ಅಣ್ಣಾ, ರೇಷ್ಮೆ ಹುಳುವನ್ನು ಸಾಕಿದ ಹಲ್ಲಿಗೂ ಕೊಡಬಹುದು ಎಂದು ತಮ್ಮ ಹೇಳಿದ್ದ. ಶಿಡ್ಲಘಟ್ಟ ಪಕ್ಕದಲ್ಲೇ ಇರುವುದರಿಂದ ಕೇಳುತ್ತಿದ್ದೇನೆ.

ಹಿಪ್ಪುನೇರಳೆ_ಶಿಡ್ಲಘಟ್ಟ

ಕೊಡಬಹುದು ತಾಯಿ, ಮೆತ್ತಗಿನ ಹುಳು, ನೀರಿನಂಶ ಹೆಚ್ಚು. ಆದರೆ ಬೆಳೆ ಕೆಟ್ಟು ಬಿಸಾಡಿದ ಹುಳು ಮಾತ್ರ ತೆಗೆದುಕೊಳ್ಳಬೇಡಿ, ಅದರಲ್ಲಿ ರೋಗವಿರುತ್ತದೆ. ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳುಗಳ ಮೇಲೆ ನಾವು ಸೋಂಕು ತಡೆಯುವ ಪುಡಿ ಎರಚುತ್ತೇವೆ, ಅದೂ ಹಲ್ಲಿಯ ಹೊಟ್ಟೆಗೆ ಹೋಗಬಾರದು. ಎರಡನೇ ಜ್ವರ ದಾಟಿದ ಸಣ್ಣ ಹುಳುಗಳನ್ನು ಪುಡಿ ಎರಚುವ ಮೊದಲೇ ತಂದು, ಔಷಧಿ ಹೊಡೆಯದ ಸೊಪ್ಪು ಹಾಕಿ ನೀವೇ ಬೆಳೆಸಿಕೊಳ್ಳಿ. ಹಣ್ಣಾದ ಹುಳು ಬೇಡ, ಅದು ಟ್ಯಾಂಕಿನ ಮೂಲೆಯಲ್ಲಿ ಗೂಡು ಕಟ್ಟಲು ತೊಡಗುತ್ತದೆ.

ಕಲ್ಪತರು_ಪಶುವೈದ್ಯ

ಅಮೂಲ್ಯವಾದ ಸಲಹೆ. ಇದಕ್ಕೆ ಒಂದು ಮಾತು ಸೇರಿಸುತ್ತೇನೆ: ರೇಷ್ಮೆ ಹುಳುವನ್ನೇ ದಿನವೂ ಕೊಡದೆ ಮೀಲ್‌ವರ್ಮ್, ಡುಬಿಯಾ ಜಿರಳೆಗಳ ಜೊತೆ ಬದಲಿಸಿ ಕೊಡಿ, ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡಿ. ಊಟದ ಹೊತ್ತು ದೀಪ ಆರಿದ ಅರ್ಧ ಗಂಟೆಯ ಮೇಲಿರಲಿ. ತಿನ್ನದೆ ಉಳಿದ ಹುಳವನ್ನು ಮಲಗುವ ಮುನ್ನ ತೆಗೆದುಬಿಡಿ.

ಕೆಜಿಎಫ್_ರಾತ್ರಿಪಾಳಿ

ಹಗಲಲ್ಲಿ ಎಬ್ಬಿಸಿ ಕೈಮೇಲೆ ಬಿಟ್ಟುಕೊಳ್ಳುವ ಮಕ್ಕಳಿಗೂ ಯಾರಾದರೂ ಹೇಳಿ. ಗೂಡು ಎತ್ತಿ ಎಬ್ಬಿಸುವುದನ್ನು ವಿಡಿಯೊಗಳಲ್ಲಿ ನೋಡಿ ನನಗೆ ಸಂಕಟವಾಗುತ್ತದೆ.

ಸಿರಾಗೇಟ್_ಅಪ್ಪ

ನಮ್ಮ ಮಕ್ಕಳಿಗೆ ಹೇಳಿದ್ದೇನೆ. ಪೂರ್ತಿ ತಿರುಗಿಸುವ ಆಲೋಚನೆಯನ್ನೂ ಬಿಟ್ಟೆ. ಉಪನ್ಯಾಸಕರು ಹೇಳಿದ ಕಾವಿನ ಕಾರಣ ಒಪ್ಪುವಂಥದ್ದು. ಮಕ್ಕಳ ಊಟ ಏಳೂವರೆಗೆ, ಹಲ್ಲಿಯ ಊಟ ಅದರ ಹಿಂದೆಯೇ ಎಂದು ಗೊತ್ತು ಮಾಡುತ್ತೇನೆ. ಒಂದು ಸಂದೇಹ ಉಳಿಯಿತು: ದೀಪ ವರ್ಷವಿಡೀ ಹನ್ನೆರಡು ಗಂಟೆಯೇ ಇರಬೇಕೇ?

ಗೌರಿಬಿದನೂರು_ಉಪನ್ಯಾಸಕ

ಇರಬೇಕೆಂದಿಲ್ಲ. ನಮ್ಮ ಸೀಮೆಯಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲು 13 ಗಂಟೆಗೆ ತುಸು ಕಡಿಮೆ, ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ. ನಡುವಿನ ಅಂತರ ಒಂದೂವರೆ ಗಂಟೆಯಷ್ಟೇ. ಈ ಹಲ್ಲಿಯ ಮೂಲನೆಲೆಯ ಕಡೆ ಹೋದರೆ, ಲಾಹೋರಿನಲ್ಲಿ ಅದೇ ಹಗಲುಗಳು 14 ಗಂಟೆಗೂ ಮೀರಿ ಉದ್ದವಾಗಿ, 10 ಗಂಟೆಯವರೆಗೆ ಕುಗ್ಗುತ್ತವೆ. ಅಲ್ಲಿನ ಹಲ್ಲಿ ಚಳಿಗಾಲದಲ್ಲಿ ಊಟ ಓಡಾಟ ಎರಡನ್ನೂ ತಗ್ಗಿಸುತ್ತದೆ. ಬೇಸಿಗೆಯಲ್ಲಿ 14, ಚಳಿಗಾಲದಲ್ಲಿ 11 ಗಂಟೆಯಂತೆ ಟೈಮರನ್ನು ವಾರ ವಾರ ಸ್ವಲ್ಪ ಸ್ವಲ್ಪವಾಗಿ ಬದಲಿಸಿದರೆ ಅದರ ವರ್ಷದ ಲೆಕ್ಕವೂ ಸರಿಹೋಗುತ್ತದೆ.

ಅಂಗಡಿಬೀದಿ_ಚಿಕ್ಕಬಳ್ಳಾಪುರ

ಮನೆಯವರೊಂದಿಗೆ ಮಾತಾಡಿ ಹೀಗೆ ತೀರ್ಮಾನಿಸಿದ್ದೇವೆ. ಟ್ಯಾಂಕನ್ನು ನಡುಮನೆಯಿಂದ ಹಿಂದಿನ ಕೋಣೆಗೆ ಸಾಗಿಸಿ ಕಿಟಕಿಗೆ ದಪ್ಪ ಪರದೆ ಹಾಕುತ್ತೇವೆ. ದೀಪ ಬೆಳಿಗ್ಗೆ ಎಂಟೂವರೆಗೆ ಹೊತ್ತಿ ರಾತ್ರಿ ಒಂಬತ್ತಕ್ಕೆ ಆರುತ್ತದೆ. ಅಲ್ಲಿಗೆ ಮುಟ್ಟುವವರೆಗೆ ದಿನಕ್ಕೆ ಹತ್ತು ನಿಮಿಷದಂತೆ ಸರಿಸುತ್ತೇನೆ. ಬೆಚ್ಚಗಿನ ಗೂಡಿಗೆ ಹಗಲಿಡೀ ಥರ್ಮೋಸ್ಟಾಟ್ ಇರುತ್ತದೆ. ಡಿಸೆಂಬರಿನಲ್ಲಿ ನಂದಿಯ ಕಡೆಯಿಂದ ಬೀಸುವ ಗಾಳಿಗೆ ಹಿಂದಿನ ಕೋಣೆ ಬಹಳ ತಣ್ಣಗಾಗುತ್ತದೆ, ಆಗ ರಾತ್ರಿಯೂ ಕಾವು ಬೇಕೇ ಡಾಕ್ಟರೇ?

ಕಲ್ಪತರು_ಪಶುವೈದ್ಯ

ಬೇಕು. ಟ್ಯಾಂಕಿನೊಳಗಿನ ಕಾವು 20ಕ್ಕಿಂತ ಕೆಳಗಿಳಿಯುವ ರಾತ್ರಿಗಳಲ್ಲಿ ಥರ್ಮೋಸ್ಟಾಟನ್ನು 24ಕ್ಕೆ ಇಟ್ಟು ಗೂಡನ್ನು ಸಣ್ಣಗೆ ಬೆಚ್ಚಗಿಡಿ, ಬೆಳಿಗ್ಗೆ ಮತ್ತೆ 32ಕ್ಕೆ ಏರಿಸಿ. ಕರೆಂಟು ಹೋಗಿ ಕೋಣೆ ತಣ್ಣಗಾದ ರಾತ್ರಿ ಊಟ ಕೊಡಬೇಡಿ. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದರಲ್ಲಿ ತೂಗಿ ಬರೆದಿಡಿ. ಚಳಿಗಾಲದಲ್ಲಿ ಅದು ಕಡಿಮೆ ತಿಂದರೂ ತೂಕ ನಿಂತಿದ್ದರೆ ಚಿಂತೆಯಿಲ್ಲ. ತೂಕ ಇಳಿಯುತ್ತಾ ಬಾಲ ಸೊರಗಿದರೆ ಕಾಯದೆ ಕರೆತನ್ನಿ.

ಅಂತರಗಂಗೆ_ಕೋಲಾರ

ನಾನೂ ಇವತ್ತಿನಿಂದ ಟ್ಯಾಂಕನ್ನು ಮಗಳ ಓದುವ ಕೋಣೆಯಿಂದ ಹೊರಗಿಡುತ್ತಿದ್ದೇನೆ. ಕ್ಯಾಮೆರಾ ಅಲ್ಲೇ ಇರುತ್ತದೆ. ಏಳು ಗಂಟೆಗೆ ಬರುತ್ತದೋ ನಡುರಾತ್ರಿಗೇ ಬರುತ್ತದೋ, ಕಂಡದ್ದನ್ನು ಕಂಡಂತೆ ಇಲ್ಲಿಯೇ ಬರೆಯುತ್ತೇನೆ.